ಅಮ್ಮನಿಗೆ ಎಲುಬು ವೀಕ್ ಅಂತ ಬಂತು, ಅಜ್ಜಿಗೂ ಇತ್ತು. ಹಾಗಾದ್ರೆ ನನಗೂ ಮಗಳಿಗೂ ಬರುದು ಗ್ಯಾರಂಟಿಯಾ?

ಕಾಪು ಕಡಲು

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಉಂಟು, ತಾಳ್ಮೆಯಿಂದ ಓದಿ ಆಯ್ತಾ.

ಅಮ್ಮನಿಗೆ ಈಗ 63. ಹೋದ ತಿಂಗಳು ನಮ್ಮಲ್ಲಿ ಒಂದು ಹಾಲ್‌ನಲ್ಲಿ ಫ್ರೀ ಎಲುಬು ತಪಾಸಣೆ ಕ್ಯಾಂಪ್ ಇತ್ತು, ಪಕ್ಕದ ಮನೆ ಅಕ್ಕ ಹೋಗ್ತಾರೆ ಅಂತ ಅಮ್ಮನೂ ಹೋದದ್ದು. ಹಿಮ್ಮಡಿಗೆ ಎಂತದೋ ಜೆಲ್ ಹಚ್ಚಿ ಸಣ್ಣ ಮೆಶಿನ್ ಒಳಗೆ ಕಾಲಿಡ್ಲಿಕ್ಕೆ ಹೇಳಿದ್ರಂತೆ, ಸ್ವಲ್ಪ ಹೊತ್ತಲ್ಲೇ ಚೀಟಿ ಬಂತು, ಟಿ-ಸ್ಕೋರ್ -2.8 ಅಂತ, ಅದೂ ಕೆಂಪು ಅಕ್ಷರದಲ್ಲಿ. ಅಲ್ಲೇ ಟೇಬಲ್ ಹತ್ರ ಒಂದು ಡಬ್ಬ ಪೌಡರ್, ಮೂರು ತಿಂಗಳ ಮಾತ್ರೆ ಕೈಗೆ ಕೊಟ್ಟು ದುಡ್ಡು ತಗೊಂಡಿದ್ದಾರೆ. ಮನೆಗೆ ಬಂದು ಅಮ್ಮ ಎರಡು ದಿನ ಸರಿ ಊಟ ಮಾಡ್ಲಿಲ್ಲ, ಎಂತಕ್ಕೆ ಅಂದ್ರೆ ನಮ್ಮಜ್ಜಿ ಸೊಂಟ ಮುರಿದು ಮಲಗಿದವರು ಮತ್ತೆ ಏಳ್ಲೇ ಇಲ್ಲ. ಆಮೇಲೆ ನಾನು ರಕ್ತ ಟೆಸ್ಟ್ ಮಾಡಿಸಿದೆ, ಕ್ಯಾಲ್ಸಿಯಂ ಪೂರಾ ನಾರ್ಮಲ್ ಬಂತು. ಈಗ ಅಮ್ಮ ಉಲ್ಟಾ, "ರಕ್ತದಲ್ಲಿ ಸರಿ ಉಂಟಲ್ಲ, ಮತ್ತೆಂತ ರಗಳೆ, ಬಿಡು" ಅಂತ.

ಅಮ್ಮ ಚಾವಡಿಯಲ್ಲಿ ಕೂತು ಬೀಡಿ ಕಟ್ಟಿಯೇ ನಮ್ಮನ್ನು ಓದಿಸಿದವರು, ಅಂದ್ರೆ ದಿನವಿಡೀ ಕೂತದ್ದೇ. ಊಟ ಅಂದ್ರೆ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಮೀನಿದ್ರೆ ಮೀನು. ಹಾಲು ಚಹಾಕ್ಕೆ ಮಾತ್ರ. ನನಗೆ 36, ಮಂಗಳೂರಲ್ಲಿ ಕಂಪ್ಯೂಟರ್ ಎದುರಿಗೆ ಕೂರುವ ಕೆಲ್ಸ. ಮಗಳಿಗೆ 11.

ಕೇಳ್ಬೇಕಾದ್ದು ಎಂತ ಅಂದ್ರೆ, ಇದು ಪೂರಾ ವಂಶದಿಂದ ಬರುದಾ? ಹಾಗಾದ್ರೆ ರಾಗಿ, ಹಾಲು, ವಾಕಿಂಗ್ ಎಲ್ಲ ಸುಮ್ನೆಯಾ? ನಾವು ಸಮುದ್ರದ ಬದಿಯಲ್ಲೇ ಇರುದು, ಬಿಸಿಲಿಗೇನೂ ಬರ ಇಲ್ಲ, ಆದ್ರೂ ಡಿ ವಿಟಮಿನ್ ಕಡಿಮೆ ಬರ್ತದಾ? ಗೊತ್ತಿದ್ದವರು ಹೇಳಿ ಮಾರ್ರೆ.

ಬೂತಾಯಿ ಪುಳಿಮುಂಚಿ

ನಮ್ಮ ಅಜ್ಜಿ 90ರ ತನಕ ಗಂಜಿ ಊಟ ಮಾಡಿಯೇ ಗಟ್ಟಿ ಇದ್ದದ್ದು, ಒಂದು ದಿನ ಕ್ಯಾಲ್ಸಿಯಂ ಮಾತ್ರೆ ಮುಟ್ಟಿದವರಲ್ಲ, ಹಾಲೂ ಕುಡೀತಿರ್ಲಿಲ್ಲ. ಎಲೆ ಅಡಿಕೆ ಸುಣ್ಣ ದಿನಕ್ಕೆ ನಾಲ್ಕು ಸಲ, ಅದ್ರಲ್ಲೇ ಕ್ಯಾಲ್ಸಿಯಂ ಹೋಗ್ತಿತ್ತು ಅಂತ ನನ್ನ ಲೆಕ್ಕ 😄 ಈಗಿನವರಿಗೆ ಪಾಲಿಶ್ ಮಾಡಿದ ಅಕ್ಕಿ, ಬೇಕರಿ ತಿಂಡಿ, ಎಲ್ಲಿಂದ ಬರ್ತದೆ ಎಲುಬು. ಬೂತಾಯಿ, ಕೊಲ್ಲತ್ತರು ಅಂತ ಸಣ್ಣ ಮೀನು ತಿನ್ನಿ, ಮುಳ್ಳು ಸಮೇತ ಅಗಿದು ತಿನ್ನಿ, ಆಯ್ತು ಸಮಸ್ಯೆ ಮುಗೀತು.

ಮಣಿಪಾಲ ಫಿಸಿಯೋ

@ಕಾಪು ಕಡಲು, ನಾನು ಫಿಸಿಯೋಥೆರಪಿಸ್ಟ್, ಆರ್ಥೋ ವಾರ್ಡಲ್ಲೇ ದಿನ ಕಳೆಯುದು, ಆದ್ರೆ ಡಾಕ್ಟರ್ ಅಲ್ಲ, ಅದನ್ನ ಮೊದಲೇ ಹೇಳ್ತೇನೆ.

ಮೊದಲು ಆ ಚೀಟಿ. ಹಿಮ್ಮಡಿಗೆ ಇಡುವ ಮೆಶಿನ್ ಅಲ್ಟ್ರಾಸೌಂಡ್. "ಇವರನ್ನ ಸರಿಯಾಗಿ ಟೆಸ್ಟ್ ಮಾಡಿಸ್ಬೇಕು" ಅಂತ ಆರಿಸ್ಲಿಕ್ಕೆ ಸರಿ, ಆದ್ರೆ ಅದನ್ನ ನೋಡಿ ಆಸ್ಟಿಯೋಪೊರೋಸಿಸ್ (ಎಲುಬು ಟೊಳ್ಳಾಗುವ ಕಾಯಿಲೆ) ಅಂತ ತೀರ್ಮಾನ ಮಾಡುವ ಹಾಗಿಲ್ಲ, ಔಷಧ ಶುರು ಮಾಡುವ ಹಾಗಂತೂ ಇಲ್ಲವೇ ಇಲ್ಲ. ಅದಕ್ಕೆ ಡೆಕ್ಸಾ ಸ್ಕ್ಯಾನ್ (ಎಲುಬಿನ ಸಾಂದ್ರತೆ ಅಳೆಯುವ ಎಕ್ಸ್‌ರೇ) ಬೇಕು, ಸೊಂಟ ಮತ್ತು ಬೆನ್ನಿನ ಕೆಳಭಾಗ ಎರಡೂ ನೋಡ್ತಾರೆ, ಸುಮ್ನೆ ಮಲಗಿದ್ರೆ ಆಯ್ತು, ನೋವಿಲ್ಲ. ಮಣಿಪಾಲ, ಮಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಉಂಟು. ಡಬ್ಲ್ಯುಎಚ್‌ಒ 1994ರಲ್ಲಿ ಟಿ-ಸ್ಕೋರ್‌ಗೆ (ಯೌವನದ ಎಲುಬಿಗೆ ಹೋಲಿಸಿದ ಅಂಕಿ) ಹಾಕಿದ ಗೆರೆ ಈಗಲೂ ಅದೇ. -1ರಿಂದ ಮೇಲೆ ಇದ್ರೆ ನಾರ್ಮಲ್, -1ರಿಂದ -2.5ರ ನಡುವೆ ಆಸ್ಟಿಯೋಪೀನಿಯಾ (ಸಾಂದ್ರತೆ ಸ್ವಲ್ಪ ಕಡಿಮೆ), -2.5 ಅಥವಾ ಅದಕ್ಕಿಂತ ಕೆಳಗೆ ಆಸ್ಟಿಯೋಪೊರೋಸಿಸ್. ಆದ್ರೆ ಈ ಗೆರೆ ಡೆಕ್ಸಾದ ಅಂಕಿಗೆ, ಹಿಮ್ಮಡಿ ಮೆಶಿನ್‌ನ -2.8ಕ್ಕೆ ಇದನ್ನ ಹಚ್ಚಿ ಹೆದರುದು ಬೇಡ.

ರಕ್ತದ ಕ್ಯಾಲ್ಸಿಯಂ ವಿಷ್ಯ. ಇದ್ರಲ್ಲಿ ತುಂಬಾ ಜನ ಮೋಸ ಹೋಗುದು. ಮೈಯಲ್ಲಿರುವ ಕ್ಯಾಲ್ಸಿಯಂನಲ್ಲಿ 99% ಎಲುಬು ಹಲ್ಲಲ್ಲೇ ಇರುದು, ರಕ್ತದಲ್ಲಿರುದು ಚೂರು. ಆ ಚೂರು ಹೆಚ್ಚುಕಡಿಮೆ ಆದ್ರೆ ಹೃದಯ, ಸ್ನಾಯು ಎಲ್ಲ ಕೆಡ್ತದೆ, ಹಾಗಾಗಿ ಊಟದಲ್ಲಿ ಸಿಗದಿದ್ರೆ ಪ್ಯಾರಾಥೈರಾಯ್ಡ್ ಹಾರ್ಮೋನ್ ಎಲುಬಿಂದ ತೆಗೆದು ರಕ್ತಕ್ಕೆ ಹಾಕ್ತದೆ. ಅಂದ್ರೆ ಎಲುಬು ಖಾಲಿ ಆಗ್ತಾ ಇದ್ದಾಗಲೂ ರಿಪೋರ್ಟಲ್ಲಿ ನಾರ್ಮಲ್ ಅಂತಲೇ ಬರ್ತದೆ. ಅಮ್ಮನಿಗೆ ಇದನ್ನ ಹೇಳಿ.

ಇನ್ನು ವಂಶ. ಯೌವನದಲ್ಲಿ ಎಲುಬು ಎಷ್ಟು ಗಟ್ಟಿ ಆಗ್ತದೆ ಅನ್ನುದ್ರಲ್ಲಿ ಒಬ್ರಿಂದ ಒಬ್ರಿಗಿರುವ ವ್ಯತ್ಯಾಸದ 60ರಿಂದ 80% ಜೀನ್‌ನದ್ದೇ ಅಂತ ಅವಳಿ ಮಕ್ಕಳ ಅಧ್ಯಯನಗಳು ಹೇಳ್ತವೆ. ಇದು ದೊಡ್ಡ ಪಾಲು, ಇಲ್ಲ ಅನ್ಲಿಕ್ಕಾಗುದಿಲ್ಲ. ಅದೂ ಒಂದೇ ಜೀನ್ ಅಲ್ಲ, ನೂರಾರು ಜೀನ್‌ಗಳು ಒಂದೊಂದು ಚೂರು ಕೈ ಹಾಕಿದ್ದು. ಆದ್ರೆ ಎಲುಬಿನ ಸಾಂದ್ರತೆ ಬೇರೆ, ಮುರಿಯುದು ಬೇರೆ. ಸ್ವೀಡನ್‌ನಲ್ಲಿ ಅವಳಿಗಳನ್ನೇ ನೋಡಿದಾಗ 70ರ ಒಳಗೆ ಸೊಂಟ ಮುರಿದವರಲ್ಲಿ ವಂಶದ ಪಾತ್ರ ದೊಡ್ಡದಿತ್ತು, 80 ದಾಟಿ ಮುರಿದವರಲ್ಲಿ ಹೆಚ್ಚುಕಡಿಮೆ ಇರ್ಲೇ ಇಲ್ಲ. ಅಷ್ಟು ವಯಸ್ಸಾದ ಮೇಲೆ ಬೀಳುದು, ಕಣ್ಣು ಮಂಜಾಗುದು, ಕಾಲಲ್ಲಿ ಬಲ ಇಲ್ಲದ್ದು, ನಿದ್ದೆ ಮಾತ್ರೆ, ಇದೆಲ್ಲ ಮುಂದೆ ಬರ್ತದೆ. ಹಾಗಾಗಿ ನಿಮ್ಮ ಅಜ್ಜಿಗೆ ಯಾವ ವಯಸ್ಸಲ್ಲಿ ಮುರಿದದ್ದು ಅಂತ ಮನೆಯಲ್ಲಿ ಕೇಳಿ ನೋಡಿ. 65ರಲ್ಲಾ 85ರಲ್ಲಾ ಅನ್ನುದು ನಿಮ್ಮ ಲೆಕ್ಕವನ್ನೇ ಬದಲು ಮಾಡ್ತದೆ.

@ಬೂತಾಯಿ ಪುಳಿಮುಂಚಿ, ನಿಮ್ಮ ಅಜ್ಜಿ ಬಾವಿಯಿಂದ ನೀರು ಸೇದ್ತಿದ್ರಾ? ಒನಕೆ ಹಿಡಿದು ಭತ್ತ ಕುಟ್ಟಿದವರಾ? ಗದ್ದೆಯಲ್ಲಿ ಸೂಡಿ ಹೊತ್ತವರಾ? ಉತ್ತರ ನನಗೆ ಗೊತ್ತುಂಟು. ಗಂಜಿ ಅಲ್ಲ ಮಾರ್ರೆ ಅವರನ್ನ ಉಳಿಸಿದ್ದು.

ಬೂತಾಯಿ ಪುಳಿಮುಂಚಿ

ಹ್ಹ ಹ್ಹ ಹೌದು ಮಾರ್ರೆ, ತಲೆ ಮೇಲೆ ಹುಲ್ಲಿನ ಕಟ್ಟ ಹೊತ್ತು ಅರ್ಧ ಮೈಲು ನಡೀತಿದ್ರು. ಆದ್ರೆ ಸುಣ್ಣದ್ದು ಹೇಳಿ, ಅದು ಕ್ಯಾಲ್ಸಿಯಂ ಹೌದಾ ಅಲ್ವಾ?

ಮಣಿಪಾಲ ಫಿಸಿಯೋ

ಹೌದು, ಸುಣ್ಣ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಆದ್ರೆ ಎಲೆಗೆ ಸವರುದು ಉಗುರಿನ ತುದಿಯಷ್ಟು, ಅದ್ರಲ್ಲೂ ಅರ್ಧ ಉಗುಳಿ ಹೋಗ್ತದೆ. ಅದಕ್ಕಾಗಿ ಅಡಿಕೆ ಜಗಿಯುದು ಅಂದ್ರೆ ಬಾಯಿ ಕ್ಯಾನ್ಸರ್‌ಗೆ ಬಾಗಿಲು ತೆಗೆದ ಹಾಗೆ, ತಂಬಾಕು ಹಾಕದಿದ್ರೂ ಅಡಿಕೆಯನ್ನ ಕ್ಯಾನ್ಸರ್‌ಕಾರಕ ಅಂತಲೇ ಪಟ್ಟಿ ಮಾಡಿದ್ದಾರೆ. ಅಡಿಕೆ ತೋಟದವರು ಬೈಬೇಡಿ.

ರಿಟೈರ್ಡ್ ಮೇಷ್ಟ್ರು, ಕುಂದಾಪ್ರ

ಹ್ವಾಯ್, ವಂಶದ ಮಾತು ಬಂತಲ್ದಾ, ಒಂದು ಹೇಳ್ತೆ ಕಾಣಿ. ನಾನು ಸಾಗರದ ಕಡೆ ಕೆಲವು ವರ್ಷ ಶಾಲೆಯಲ್ಲಿದ್ದೆ. ಅಲ್ಲಿ ಹಂದಿಗೋಡು ಅಂತ ಊರು, ಆ ಊರಿನ ಹೆಸರಲ್ಲೇ ಒಂದು ಕಾಯಿಲೆ ಉಂಟು, ಹಂದಿಗೋಡು ಕಾಯಿಲೆ. 1970ರ ದಶಕದಲ್ಲಿ ಬೆಳಕಿಗೆ ಬಂದದ್ದು. ಸೊಂಟ ಮಂಡಿ ಕೀಲೆಲ್ಲ ಕೆಟ್ಟು ಜನ ನಡೀಲಿಕ್ಕಾಗದೆ ತೆವಳುವ ಸ್ಥಿತಿ, ಕೆಲವರು ಕುಳ್ಳಗೇ ಉಳಿದುಬಿಡುದು. ಬಡ ದಲಿತ ಕುಟುಂಬಗಳಲ್ಲೇ ಹೆಚ್ಚು. ಮೊದಲು ಎಲ್ಲರೂ ಗದ್ದೆಗೆ ಹೊಡೆದ ವಿಷ, ಆ ಗದ್ದೆಯ ಏಡಿ ತಿಂದದ್ದು, ಹಾಗೆ ಹೀಗೆ ಅಂತ ಊಟದ ಮೇಲೇ ಹಾಕಿದ್ರು. ಆಮೇಲೆ ದೇಶದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್‌ನವರು ಮನೆತನದ ವಂಶವೃಕ್ಷ ಎಲ್ಲ ತೆಗೆದು ನೋಡಿದಾಗ ಅದು ತಲೆಮಾರಿಂದ ತಲೆಮಾರಿಗೆ ಇಳಿದು ಬರುವ ಜೀನಿನದ್ದು, ಅಪ್ಪನಿಗೋ ಅಮ್ಮನಿಗೋ ಒಬ್ರಿಗಿದ್ರೆ ಸಾಕು ಮಕ್ಕಳಿಗೆ ಬರಬಹುದು ಅಂತ ಗೊತ್ತಾಯ್ತು.

ಅಂದ್ರೆ ನಾನು ಹೇಳುದು, ಜೀನ್ ಮನಸ್ಸು ಮಾಡಿದ್ರೆ ರಾಗಿ ಹಾಲು ಎಂತ ಮಾಡ್ತದೆ? ನಮ್ಮ ಮನೆಯಲ್ಲಿ ಎಲ್ಲರೂ ಬಾಗಿದ ಬೆನ್ನಿನವರೇ, ನಾನೂ ಈಗ ಬಾಗ್ತಾ ಇದ್ದೆ. ಇದು ಹಣೆಬರಹ ಅಷ್ಟೆ.

ಮಣಿಪಾಲ ಫಿಸಿಯೋ

ಸರ್, ಹಂದಿಗೋಡಿಂದು ಸರಿಯಾಗಿಯೇ ಹೇಳಿದ್ರಿ, ಆದ್ರೆ ಅದನ್ನ ಇಲ್ಲಿಗೆ ತರುವ ಹಾಗಿಲ್ಲ. ಅದು ಎಲುಬು ಕೀಲು ಬೆಳೆಯುವ ರೀತಿಯೇ ತಪ್ಪುವ ಅಪರೂಪದ ಕಾಯಿಲೆ, ಒಂದೇ ಜೀನ್ ತೀರ್ಮಾನ ಮಾಡಿ ಆಗಿರ್ತದೆ. ಇವರಮ್ಮನಿಗೆ ಇರುದಾದ್ರೆ ವಯಸ್ಸಿಗೆ ಎಲುಬು ಟೊಳ್ಳಾಗುದು, ಇಲ್ಲಿ ಜೀನ್ ಹೆಚ್ಚಾಗಿ ತೀರ್ಮಾನ ಮಾಡುದು ಎಷ್ಟು ಎತ್ತರದಿಂದ ಇಳಿಯಲಿಕ್ಕೆ ಶುರು ಮಾಡ್ತೀರಿ ಅನ್ನುದನ್ನ, ಎಷ್ಟು ಬೇಗ ಇಳೀತೀರಿ ಅನ್ನುದ್ರಲ್ಲಿ ನಮ್ಮ ಪಾಲೂ ಉಂಟು.

ಮತ್ತೆ ಸರ್, ಬೆನ್ನು ಬಾಗುದು, ಎತ್ತರ ಕಡಿಮೆ ಆಗುದು ಹಣೆಬರಹ ಅಂತ ಬಿಡ್ಬೇಡಿ. ಬೆನ್ನೆಲುಬಿನ ಮಣಿಗಳು ಒಳಗೇ ಸದ್ದಿಲ್ಲದೆ ಕುಸಿದ್ರೆ ಹಾಗಾಗ್ತದೆ, ಎಷ್ಟೋ ಜನಕ್ಕೆ ನೋವೇ ಇರುದಿಲ್ಲ. ಗಂಡಸರಿಗೆ ಬರುದಿಲ್ಲ ಅಂತ ನಮ್ಮಲ್ಲಿ ಒಂದು ನಂಬಿಕೆ, 50 ದಾಟಿದ ಗಂಡಸರಲ್ಲಿ ಐವರಲ್ಲಿ ಒಬ್ರಿಗೆ ಹೀಗೆ ಎಲುಬು ಮುರಿಯುವ ಸಾಧ್ಯತೆ ಉಂಟು ಅಂತ ಅಂತಾರಾಷ್ಟ್ರೀಯ ಲೆಕ್ಕ. ಒಂದು ಎಕ್ಸ್‌ರೇ ತೆಗೆಸಿ. ಅಸ್ತಮಾಕ್ಕೋ ಬೇರೆ ಎಂತಕ್ಕೋ ಸ್ಟೀರಾಯ್ಡ್ ಮಾತ್ರೆ ತಗೊಂಡದ್ದುಂಟಾ? ತಿಂಗಳುಗಟ್ಟಲೆ ತಗೊಂಡಿದ್ರೆ ಡಾಕ್ಟರಿಗೆ ಅದನ್ನ ಮೊದಲು ಹೇಳಿ.

ರಿಟೈರ್ಡ್ ಮೇಷ್ಟ್ರು, ಕುಂದಾಪ್ರ

ದಮ್ಮಿಗೆ ತಗೊಂಡಿದ್ದೆ ಮಾರಾಯ್ರೆ, ಸುಮಾರು ಸಮಯ. ಇದನ್ನ ಯಾರೂ ಹೇಳ್ಲೇ ಇಲ್ಲ ಕಾಣಿ. ಎಕ್ಸ್‌ರೇ ತೆಗೆಸ್ತೆ.

ಸುರತ್ಕಲ್ ಸೊಸೆ

ನಾನು ಡಯೆಟಿಷಿಯನ್, ಊಟದ್ದು ನಾನು ಹೇಳ್ತೇನೆ. ಇಲ್ಲಿ ಎಲ್ರೂ ರಾಗಿ ರಾಗಿ ಅಂತ ಬೊಬ್ಬೆ ಹಾಕುದು ನೋಡಿ ಸ್ವಲ್ಪ ನಗುವೂ ಬರ್ತದೆ, ಯಾಕಂದ್ರೆ ನಮ್ಮ ಕರಾವಳಿಯಲ್ಲಿ ರಾಗಿ ಅಂದ್ರೆ ಮಗುವಿಗೆ ಮಣ್ಣಿ ಮಾಡಿ ತಿನ್ನಿಸುದು ಅಷ್ಟೇ, ಹಲ್ಲು ಬಂದ ಮೇಲೆ ರಾಗಿ ಡಬ್ಬ ಅಟ್ಟಕ್ಕೆ. ಆಮೇಲೆ ಜೀವನಪೂರ್ತಿ ಅಕ್ಕಿಯೇ. ಕುಚ್ಚಲು, ಬೆಳ್ತಿಗೆ, ನೀರ್ ದೋಸೆ, ಪುಂಡಿ, ಸೇಮೆ, ಎಲ್ಲ ಅಕ್ಕಿ. ಅಕ್ಕಿಯಲ್ಲಿ ಕ್ಯಾಲ್ಸಿಯಂ 100 ಗ್ರಾಂಗೆ ಹತ್ತು ಮಿಲಿಗ್ರಾಂ ಆಸುಪಾಸು, ಅಂದ್ರೆ ಇಲ್ಲ ಅಂತಲೇ ಇಟ್ಕೊಳ್ಳಿ. ರಾಗಿಯಲ್ಲಿ ಅದೇ 100 ಗ್ರಾಂಗೆ 360 ಚಿಲ್ಲರೆ. ಹಸುವಿನ ಹಾಲಲ್ಲಿ 118ರ ಹತ್ರ. ಹುರುಳಿಯಲ್ಲಿ 270ರ ಸುಮಾರು, ಕುಡುತ್ತ ಸಾರು ಮಾಡುವವರಿಗೆ ಇದು ಗೊತ್ತಿರ್ಲಿ.

ದೊಡ್ಡವರಿಗೆ ದಿನಕ್ಕೆ 1000 ಮಿಲಿಗ್ರಾಂ ಬೇಕು ಅಂತ ಐಸಿಎಂಆರ್‌ನ 2020ರ ಪಟ್ಟಿ, ಮುಟ್ಟು ನಿಂತ ಹೆಂಗಸರಿಗೆ 1200, ನಿಮ್ಮ ಮಗಳ ವಯಸ್ಸಿಗೆ 850, 13 ಆದ ಮೇಲೆ 1000. ಈಗ ಒಂದು ದಿನದ ಲೆಕ್ಕ ಹಾಕುವ. ಬೆಳಿಗ್ಗೆ 50 ಗ್ರಾಂ ರಾಗಿ ಹಿಟ್ಟಿನ ಅಂಬಲಿ ಅಥವಾ ದೋಸೆ, 180. ಒಂದು ಲೋಟ ಹಾಲು, 240. ಮಧ್ಯಾಹ್ನ ಒಂದು ಬಟ್ಟಲು ಮೊಸರು ಅಥವಾ ಅಷ್ಟು ಮೊಸರು ಹಾಕಿ ಒಂದೆಲಗದ ತಂಬುಳಿ, ಇನ್ನೊಂದು 240. ಹುರುಳಿ ಸಾರು, ಎಳ್ಳು ಒಂದು ಚಮಚ, ಎರಡೂ ಸೇರಿ 180ರ ಹತ್ರ. ಮತ್ತೆ ಸೊಪ್ಪು, ಸಣ್ಣ ಮೀನು. ಅಂದ್ರೆ ಡಬ್ಬ ಪೌಡರ್ ಇಲ್ಲದೆಯೇ 850ರ ಆಸುಪಾಸು ಆಗ್ತದೆ. ಆದ್ರೆ ಗಂಜಿ, ಉಪ್ಪಿನಕಾಯಿ, ಚಹಾದಲ್ಲಿ ಆಗುದಿಲ್ಲ, 300 ದಾಟಿದ್ರೆ ದೊಡ್ಡದು. ಮೇಲಿಂದ ಉಪ್ಪು ಜಾಸ್ತಿ ಆದಷ್ಟೂ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚು ಹೊರಗೆ ಹೋಗ್ತದೆ, ನಮ್ಮ ಉಪ್ಪಿನಕಾಯಿ, ನುಂಗೆಲ್ (ಒಣ) ಮೀನಿನ ಪ್ರೀತಿಗೆ ಕಟ್ಟುವ ಬಿಲ್ ಇದು.

ಸೊಪ್ಪಲ್ಲಿ ಒಂದು ವಿಷ್ಯ. ಪುಸ್ತಕದ ಪಟ್ಟಿ ನೋಡಿದ್ರೆ ಹರಿವೆಯಲ್ಲಿ ಎಷ್ಟೊಂದು ಕ್ಯಾಲ್ಸಿಯಂ ಅಂತ ಕಾಣ್ತದೆ, ಆದ್ರೆ ಆಕ್ಸಲೇಟ್ ಅನ್ನುವ ವಸ್ತು ಜಾಸ್ತಿ ಇರುವ ಸೊಪ್ಪಲ್ಲಿ ಅದು ಕಟ್ಟಿ ಹಾಕಿದ ಹಾಗೆ ಇರ್ತದೆ, ಮೈಗೆ ಸಿಗುದಿಲ್ಲ. ಪಾಲಕ್‌ನಿಂದ ಸಿಗುದು ನೂರಕ್ಕೆ ಐದರಷ್ಟು, ಹಾಲಿಂದ ನೂರಕ್ಕೆ ಮೂವತ್ತರಷ್ಟು. ಪತ್ರೊಡೆಯ ಕೆಸುವೂ ಆಕ್ಸಲೇಟ್‌ನದ್ದೇ, ನಾಲಿಗೆ ತುರಿಸುದು ಅದೇ. ತಿನ್ಬೇಡಿ ಅಂತಲ್ಲ, ನಾನೂ ಆಟಿಯಲ್ಲಿ ತಿನ್ನುವವಳೇ, ಆದ್ರೆ ಎಲುಬಿಗೆ ಅಂತ ಲೆಕ್ಕಕ್ಕೆ ಹಿಡಿಬೇಡಿ. ಹಿತ್ತಲಲ್ಲಿ ನುಗ್ಗೆ ಇದ್ರೆ ಅದರ ಸೊಪ್ಪು ಇವಕ್ಕಿಂತ ಎಷ್ಟೋ ವಾಸಿ. ರಾಗಿಯಲ್ಲೂ ಫೈಟೇಟ್ ಅಂತ ತಡೆಯುವ ವಸ್ತು ಉಂಟು, ಮೊಳಕೆ ಬರಿಸಿ ಅಥವಾ ಹಿಟ್ಟು ಹುಳಿ ಬರಿಸಿ ಮಾಡಿದ್ರೆ ಅದು ಕಡಿಮೆ ಆಗ್ತದೆ. ನಾನು ಉದ್ದಿನ ಜೊತೆ ಅರೆದು ರಾತ್ರಿ ಇಟ್ಟು ದೋಸೆ ಮಾಡುದು, ಕಪ್ಪು ಕಾಣ್ತದೆ ಅಂತ ಮಕ್ಕಳು ಮೊದಲು ಮುಖ ಸೊಟ್ಟ ಮಾಡಿದ್ರು, ಕಾವಲಿಯಲ್ಲಿ ತೆಳ್ಳಗೆ ಗರಿ ಗರಿ ಎಬ್ಬಿಸಿ ತೆಂಗಿನ ಚಟ್ನಿ ಹಾಕಿ ಕೊಟ್ಟ ಮೇಲೆ ಮಾತೇ ಇಲ್ಲ.

ಬೂತಾಯಿಯವರು ಹೇಳಿದ್ದು ಅರ್ಧ ಸರಿ. ಮುಳ್ಳು ಸಮೇತ ತಿನ್ನುವ ಸಣ್ಣ ಮೀನಲ್ಲಿ ಕ್ಯಾಲ್ಸಿಯಂ ಚೆನ್ನಾಗುಂಟು, ಬೂತಾಯಿ ಬಂಗುಡೆಯಲ್ಲಿ ಡಿ ವಿಟಮಿನ್ನೂ ಸ್ವಲ್ಪ ಉಂಟು. ಅಂಜಲ್‌ನಂಥ ದೊಡ್ಡ ಮೀನಿನ ತುಂಡು ತಿಂದ್ರೆ ಪ್ರೋಟೀನ್ ಸಿಗ್ತದೆ, ಕ್ಯಾಲ್ಸಿಯಂ ಅಲ್ಲ. ಹಾಂ, ಪ್ರೋಟೀನ್ ಮರೀಬೇಡಿ. ಎಲುಬು ಅಂದ್ರೆ ಬರೀ ಸುಣ್ಣ ಅಲ್ಲ, ಒಳಗಿನ ಹಂದರ ಕೊಲಾಜೆನ್, ಅದು ಪ್ರೋಟೀನೇ. ಆಸ್ಟ್ರೇಲಿಯಾದಲ್ಲಿ ವೃದ್ಧಾಶ್ರಮಗಳಲ್ಲಿ ಹಾಲು ಮೊಸರು ಚೀಸ್ ಹೆಚ್ಚು ಕೊಟ್ಟು ನೋಡಿದ್ರು, 2021ರಲ್ಲಿ ಬಂದ ಫಲಿತಾಂಶ, ಎಲುಬು ಮುರಿಯುದು ಮೂರನೇ ಒಂದು ಭಾಗ ಕಡಿಮೆ ಆಯ್ತು. ಮಾತ್ರೆ ಅಲ್ಲ, ಊಟ.

ಕಾಪು ಕಡಲು

ಎಲ್ರಿಗೂ ತುಂಬಾ ಥ್ಯಾಂಕ್ಸ್. ಮಾವನಿಗೆ ಫೋನ್ ಮಾಡಿ ಕೇಳಿದೆ, ಅಜ್ಜಿಗೆ ಮುರಿದದ್ದು 67ರಲ್ಲಂತೆ, ಅದೂ ದೊಡ್ಡ ಬೀಳುವಿಕೆ ಏನಲ್ಲ, ಬಚ್ಚಲಲ್ಲಿ ಕಾಲು ಜಾರಿದ್ದು. ಅಂದ್ರೆ ಫಿಸಿಯೋ ಹೇಳಿದ ಲೆಕ್ಕದಲ್ಲಿ ನಮ್ಮದು ವಂಶದ ಕಡೆಗೇ ವಾಲ್ತದೆ ಅಂತಾಯ್ತು. ಡೆಕ್ಸಾ ಮಾಡಿಸ್ತೇನೆ ಅಮ್ಮನಿಗೆ.

ಅಮ್ಮ ಈಗ ವಾಕಿಂಗ್ ಅಂತ ಬೆಳಿಗ್ಗೆ ಬೀಚ್ ರೋಡಲ್ಲಿ ಹೋಗ್ಲಿಕ್ಕೆ ಶುರು ಮಾಡಿದ್ದಾರೆ, ಅಷ್ಟು ಸಾಕಾ? ಮತ್ತೆ ಮಗಳದ್ದು. ಅವಳು ಸ್ವಿಮ್ಮಿಂಗ್‌ಗೆ ಹೋಗ್ತಾಳೆ, ಅದು ಎಲುಬಿಗೆ ಒಳ್ಳೇದಲ್ವಾ? ಇನ್ನೊಂದು, ಬಿಸಿಲಿಂದು ಯಾರೂ ಹೇಳ್ಲಿಲ್ಲ.

ಮಣಿಪಾಲ ಫಿಸಿಯೋ

67ರಲ್ಲಿ ನಿಂತ ಎತ್ತರದಿಂದ ಬಿದ್ದು ಸೊಂಟ ಮುರಿದದ್ದು ಅಂದ್ರೆ ಖಂಡಿತ ಲೆಕ್ಕಕ್ಕೆ ಬರ್ತದೆ. ಮುಂದಿನ ಹತ್ತು ವರ್ಷದ ರಿಸ್ಕ್ ನೋಡುವ ಫ್ರಾಕ್ಸ್ ಅಂತ ಲೆಕ್ಕಾಚಾರ ಉಂಟು, ಅದ್ರಲ್ಲಿ "ಅಪ್ಪ ಅಥವಾ ಅಮ್ಮನಿಗೆ ಸೊಂಟ ಮುರಿದಿತ್ತಾ" ಅಂತ ಒಂದು ಪ್ರಶ್ನೆಯೇ ಉಂಟು. ಡಾಕ್ಟರ್ ಹತ್ರ ಹೋಗುವಾಗ ಇದನ್ನ ಬಾಯಿ ಬಿಟ್ಟು ಹೇಳಿ, ಅವರು ಕೇಳ್ತಾರೆ ಅಂತ ಕಾಯ್ಬೇಡಿ.

ವಾಕಿಂಗ್ ಬಗ್ಗೆ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸುದಿಲ್ಲ. ವಾಕಿಂಗ್ ಹೃದಯಕ್ಕೆ ಒಳ್ಳೇದು, ಶುಗರ್‌ಗೆ ಒಳ್ಳೇದು, ಮನಸ್ಸಿಗೆ ಒಳ್ಳೇದು, ಎಲುಬಿಗೆ ಮಾತ್ರ ಅದೊಂದೇ ಸಾಲುದಿಲ್ಲ. ಎಲುಬಿನ ಒಳಗಿನ ಜೀವಕೋಶಗಳು ಭಾರವನ್ನ ಅಳೀತವೆ, ರೂಢಿಯಾದ ಭಾರಕ್ಕೆ ಅವು ಕ್ಯಾರೇ ಅನ್ನುದಿಲ್ಲ. ಭಾರ ಬಿದ್ದ ಕಡೆ ಎಲುಬು ಗಟ್ಟಿ ಆಗ್ತದೆ ಅಂತ 1892ರಲ್ಲೇ ವೋಲ್ಫ್ ಅನ್ನುವ ಜರ್ಮನ್ ಸರ್ಜನ್ ಬರೆದಿಟ್ಟದ್ದು. ಟೆನಿಸ್ ಆಡುವವರ ರಾಕೆಟ್ ಹಿಡಿಯುವ ಕೈಯ ಎಲುಬು ಇನ್ನೊಂದು ಕೈಗಿಂತ ದಪ್ಪ ಇರ್ತದೆ. ಒಂದೇ ಮನುಷ್ಯ, ಒಂದೇ ಜೀನ್, ಒಂದೇ ಊಟ, ಎರಡು ಕೈಗೆ ಎರಡು ಥರ ಎಲುಬು, ಮೇಷ್ಟ್ರು ಇದನ್ನ ಗಮನಿಸ್ಬೇಕು. ಉಲ್ಟಾ ನೋಡುದಾದ್ರೆ ಭಾರವೇ ಇಲ್ಲದ ಅಂತರಿಕ್ಷದಲ್ಲಿ ಗಗನಯಾತ್ರಿಗಳ ಸೊಂಟದ ಎಲುಬು ತಿಂಗಳಿಗೆ 1ರಿಂದ 1.5% ಕರಗ್ತದೆ.

ಆಸ್ಟ್ರೇಲಿಯಾದಲ್ಲಿ ಮುಟ್ಟು ನಿಂತ, ಎಲುಬು ವೀಕ್ ಇದ್ದ ಹೆಂಗಸರಿಗೇ ಭಾರ ಎತ್ತಿಸಿ ನೋಡಿದ್ದಾರೆ, 2018ರಲ್ಲಿ ಬಂತು. ವಾರಕ್ಕೆ ಎರಡು ಸಲ, ಅರ್ಧ ಗಂಟೆ, ಎಂಟು ತಿಂಗಳು. ಬೆನ್ನೆಲುಬಿನ ಸಾಂದ್ರತೆ 2.9% ಏರಿತು, ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದವರದ್ದು 1.2% ಇಳಿಯಿತು. ಆದ್ರೆ ಅದು ತರಬೇತಾದವರ ಕಣ್ಣೆದುರೇ ಮಾಡಿಸಿದ್ದು, ಇದನ್ನ ಓದಿ ಅಮ್ಮನಿಗೆ ಅಕ್ಕಿ ಮೂಟೆ ಎತ್ತಲಿಕ್ಕೆ ಹೇಳ್ಬೇಡಿ ದಯವಿಟ್ಟು! ಡೆಕ್ಸಾ ಆಗುವ ತನಕ ಮುಂದೆ ಬಗ್ಗಿ ಭಾರ ಎತ್ತುದು, ಸೊಂಟ ತಿರುಚುದು ಬೇಡ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುದು, ಗೋಡೆಗೆ ಕೈ ಕೊಟ್ಟು ಹಿಮ್ಮಡಿ ಎತ್ತಿ ಇಳಿಸುದು, ಕಿಟಕಿ ಸರಳು ಹಿಡಿದು ಒಂಟಿ ಕಾಲಲ್ಲಿ ನಿಲ್ಲುದು, ಇಷ್ಟರಿಂದ ಶುರು ಮಾಡ್ಲಿ. ಬೀಡಿ ಕಟ್ಟುದು ಈಗಲೂ ಉಂಟಾ? ಇದ್ರೆ ಒಂದು ಕಟ್ಟು ಮುಗಿದಾಗಲೊಮ್ಮೆ ಎದ್ದು ನಿಲ್ಲಲಿಕ್ಕೆ ಹೇಳಿ.

ಮಗಳಿಗೆ ಸ್ವಿಮ್ಮಿಂಗ್ ನಿಲ್ಲಿಸ್ಬೇಡಿ, ಸಮುದ್ರದ ಬದಿಯ ಮಕ್ಕಳಿಗೆ ಈಜು ಬರ್ಲೇಬೇಕು. ಆದ್ರೆ ನೀರು ಮೈಯ ಭಾರ ಹೊತ್ತುಕೊಳ್ತದೆ, ಹಾಗಾಗಿ ಎಲುಬಿಗೆ ಅದ್ರಿಂದ ಲಾಭ ಕಡಿಮೆ, ಸೈಕಲ್ಲೂ ಹಾಗೇ. ಅದ್ರ ಜೊತೆ ಹಾರುವ ಆಟ ಎಂತಾದ್ರೂ ಬೇಕು. ಸ್ಕಿಪ್ಪಿಂಗ್, ಕುಂಟೆಬಿಲ್ಲೆ, ಥ್ರೋಬಾಲ್, ಕಬಡ್ಡಿ. ಯಕ್ಷಗಾನ ಕಲಿಸುವವರು ಹತ್ರ ಇದ್ರೆ ಇನ್ನೂ ಒಳ್ಳೇದು, ಈಗ ಹೆಣ್ಮಕ್ಕಳು ತುಂಬ ಜನ ಕಲೀತಾರೆ, ಆ ದಿಗಿಣ ಹಾಕಿ ನೆಲಕ್ಕೆ ಬೀಳುವಾಗ ಕಾಲೆಲುಬಿಗೆ ಸಿಗುವ ಪೆಟ್ಟು ಯಾವ ಜಿಮ್ಮಲ್ಲೂ ಸಿಗ್ಲಿಕ್ಕಿಲ್ಲ. ಇದು ಈಗಲೇ ಆಗ್ಬೇಕು. ಹುಡುಗಿಯರು ವೇಗವಾಗಿ ಎತ್ತರ ಆಗುವ ಸಮಯ, ಹನ್ನೆರಡರ ಆಸುಪಾಸು, ಅದ್ರ ಹಿಂದೆಮುಂದಿನ ಎರಡೇ ವರ್ಷದಲ್ಲಿ ಜೀವನದ ಒಟ್ಟು ಎಲುಬಿನ ಕಾಲು ಭಾಗ ಸೇರ್ತದೆ. 18-20ಕ್ಕೆ 90% ಮುಗಿದೇ ಹೋಗಿರ್ತದೆ. ನಮ್ಮಲ್ಲಿ ಸರಿಯಾಗಿ ಆ ವಯಸ್ಸಲ್ಲೇ ಆಟ ಬಿಡಿಸಿ ಟ್ಯೂಷನ್‌ಗೆ ಹಾಕುದು, ದೊಡ್ಡವಳಾದ್ಲು ಅಂತ ಅಂಗಳಕ್ಕೆ ಇಳಿಯಲಿಕ್ಕೆ ಬಿಡದೆ ಇರುದು. ಅಜ್ಜಿಯ ಜೀನ್ ಅವಳಿಗೂ ಬಂದಿರಬಹುದು, ಹಾಗಂತಲೇ ಅವಳು ಬೇರೆ ಮಕ್ಕಳಿಗಿಂತ ಹೆಚ್ಚು ಹಾರ್ಬೇಕು.

ನಿಮ್ಮ ವಯಸ್ಸಿಗೆ ಇನ್ನು ಹೊಸದಾಗಿ ಹೆಚ್ಚು ಸೇರುದಿಲ್ಲ, ಇದ್ದದ್ದನ್ನ ಉಳಿಸುದು. ಎಲುಬು ಅಂದ್ರೆ ಹಳೇ ಮುರಕಲ್ಲಿನ ಗೋಡೆ ಅಂತ ತಿಳ್ಕೊಳ್ಳಿ, ಒಂದು ಗುಂಪಿನ ಕೆಲಸದವರು ಸವೆದ ಕಲ್ಲು ಕಿತ್ತು ಹಾಕ್ತಾರೆ, ಹಿಂದಿಂದಲೇ ಇನ್ನೊಂದು ಗುಂಪು ಹೊಸ ಕಲ್ಲು ಕೂರಿಸ್ತದೆ, ವರ್ಷಕ್ಕೆ ಹತ್ತರಲ್ಲಿ ಒಂದು ಪಾಲು ಹೀಗೆ ಹೊಸತಾಗ್ತಾ ಇರ್ತದೆ. ಕೀಳುವವರನ್ನ ಹದ್ದುಬಸ್ತಲ್ಲಿ ಇಡುದು ಈಸ್ಟ್ರೊಜೆನ್ ಅನ್ನುವ ಹೆಣ್ಣು ಹಾರ್ಮೋನ್. ಮುಟ್ಟು ನಿಂತಾಗ ಅದು ಇಳೀತದೆ, ಮೊದಲ ಐದಾರು ವರ್ಷ ಕೀಳುವವರದ್ದೇ ದರ್ಬಾರು, ಕೆಲವರಿಗೆ ಐದನೇ ಒಂದು ಭಾಗದ ತನಕ ಎಲುಬು ಹೋಗ್ತದೆ. ಹಾಗಾಗಿ ಈಗಲೇ ಡಂಬೆಲ್ ಹಿಡೀರಿ, ಆಮೇಲೆ ನೋಡುವ ಅಂತ ಬಿಡ್ಬೇಡಿ.

ಸುರತ್ಕಲ್ ಸೊಸೆ

ಬಿಸಿಲಿಂದು ನಾನು ಹೇಳ್ತೇನೆ. ಸಮುದ್ರದ ಬದಿ ಇದ್ದ ಮಾತ್ರಕ್ಕೆ ಆಗುದಿಲ್ಲ. ಚರ್ಮದಲ್ಲಿ ಡಿ ತಯಾರಾಗ್ಲಿಕ್ಕೆ ಬೇಕಾದ ಯುವಿಬಿ ಕಿರಣ ಜಾಸ್ತಿ ಬರುದು ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರ ಒಳಗೆ, ನಿಮ್ಮ ನೆರಳು ನಿಮಗಿಂತ ಗಿಡ್ಡ ಇರುವ ಹೊತ್ತು. ಆ ಹೊತ್ತಿಗೆ ನಾವು ಎಲ್ಲಿ? ಆಫೀಸಲ್ಲಿ, ಅಡುಗೆ ಮನೆಯಲ್ಲಿ. ಸೆಕೆಗೆ ಹೆದರಿ ಫ್ಯಾನ್ ಕೆಳಗೆ. ಕಿಟಕಿ ಗಾಜಿನ ಒಳಗೆ ಕೂತ್ರೆ ಯುವಿಬಿ ಬರುದೇ ಇಲ್ಲ. ನಮ್ಮ ಚರ್ಮ ಸ್ವಲ್ಪ ಕಪ್ಪು, ಹಾಗಾಗಿ ಬಿಳಿಯರಿಗಿಂತ ಜಾಸ್ತಿ ಹೊತ್ತು ಬೇಕು. ಮೇಲಿಂದ ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಸೂರ್ಯನ ಮುಖ ನೋಡಿದವರುಂಟಾ? ಬಟ್ಟೆಯೇ ಒಣಗುದಿಲ್ಲ, ಡಿ ಎಲ್ಲಿಂದ ಬರ್ತದೆ. ಅಮ್ಮನ ವಿಟಮಿನ್ ಡಿ ಟೆಸ್ಟ್ ಮಾಡಿಸಿ, 20ಕ್ಕಿಂತ ಕೆಳಗೆ ಇದ್ರೆ ಡಾಕ್ಟರ್ ಸಾಮಾನ್ಯ ವಾರಕ್ಕೊಂದು 60,000 ಯೂನಿಟ್‌ನ ಸ್ಯಾಶೆ ಕೆಲವು ವಾರಕ್ಕೆ ಬರೀತಾರೆ. ದಿನಕ್ಕೊಂದು ಅಂತ ತಪ್ಪು ತಿಳ್ಕೊಂಡು ತಿಂದು ಆಸ್ಪತ್ರೆ ಸೇರಿದವರೂ ಇದ್ದಾರೆ, ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ತೊಂದ್ರೆ ಆಗ್ತದೆ. ವರ್ಷಕ್ಕೊಂದೇ ಸಲ ಐದು ಲಕ್ಷ ಯೂನಿಟ್ ಕೊಟ್ಟು ನೋಡಿದ ಅಧ್ಯಯನವೂ ಉಂಟು, 2010ರದ್ದು, ಅದ್ರಲ್ಲಿ ಬೀಳುದೂ ಮುರಿಯುದೂ ಹೆಚ್ಚೇ ಆಯ್ತು. ಕೊರತೆ ಇಲ್ಲದವರಿಗೆ ಸುಮ್ನೆ ಕೊಟ್ರೆ ಲಾಭವೂ ಇಲ್ಲ, ಅಮೆರಿಕದಲ್ಲಿ 25 ಸಾವಿರ ಚಿಲ್ಲರೆ ಜನರಲ್ಲಿ ಅರ್ಧದಷ್ಟು ಜನಕ್ಕೆ ದಿನಾ ಕೊಟ್ಟು ನೋಡಿ 2022ರಲ್ಲಿ ಹೇಳಿದ್ದು ಅದೇ.

ಪಡುಬಿದ್ರಿ ಪೈಂಟರ್

ಇಷ್ಟೆಲ್ಲ ಸೈನ್ಸ್ ಹೇಳಿದ್ರಿ, ಒಬ್ರೂ ಅಂಗಳದ ಪಾಚಿ ಬಗ್ಗೆ ಹೇಳ್ಲಿಲ್ಲ ನೋಡಿ. ಜುಲೈಯಲ್ಲಿ ನಮ್ಮ ಕಡೆ ಹೆಚ್ಚಿನವರು ಬೀಳುದು ಅಲ್ಲೇ. ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ, ಬಾವಿಕಟ್ಟೆಗೆ ಹೋಗುವ ದಾರಿಗೆ ಅಡಿಕೆ ಸೋಗೆ ಹಾಸಿ, ಸೋಗೆ ಕೊಳೆತ್ರೆ ಬದಲಿಸಿ, ಕೊಳೆತ ಸೋಗೆ ಪಾಚಿಗಿಂತ ಜಾಸ್ತಿ ಜಾರ್ತದೆ. ಬಚ್ಚಲಿಗೆ ನೈಸ್ ಟೈಲ್ಸ್ ಹಾಕಿಸುವವರಿಗೆ ನಾನು ಯಾವಾಗಲೂ ಹೇಳುದು, ಚಂದ ಬೇಡ, ದೊರಗು ಹಾಕಿಸಿ, ಗೋಡೆಗೆ ಒಂದು ಸ್ಟೀಲ್ ಹಿಡಿಕೆ ಇರ್ಲಿ. ಯಾರೂ ಕೇಳುದಿಲ್ಲ, "ವಯಸ್ಸಾದವರ ಮನೆ ಹಾಗೆ ಕಾಣ್ತದೆ" ಅಂತಾರೆ. ರಾತ್ರಿ ಪಾಯಿಖಾನೆಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಬಲ್ಬ್ ಉರೀಲಿ, ಕರೆಂಟ್ ಬಿಲ್ಲಿಗೆ ಎಂತ ಆಗುದಿಲ್ಲ.

ಮಣಿಪಾಲ ಫಿಸಿಯೋ

ಈ ಥ್ರೆಡ್ಡಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ಆದದ್ದು ಇದು. ಮಳೆಗಾಲದಲ್ಲಿ ವಾರ್ಡಿಗೆ ಬಂದು ನೋಡಿ, ಇವರು ಹೇಳಿದ್ದು ನಿಜ ಅಂತ ಗೊತ್ತಾಗ್ತದೆ. ಸವೆದ ಹವಾಯಿ ಚಪ್ಪಲಿಯನ್ನೂ ಎಸೀರಿ.

ಕಾಪು ಕಡಲು

ಡೆಕ್ಸಾ ಆಯ್ತು. ಸೊಂಟದ್ದು -2.6, ಬೆನ್ನಿಂದು -2.3. ಡಿ 14 ಬಂತು. ಡಾಕ್ಟರ್ ಎಲುಬು ಕರಗುದನ್ನ ತಡೆಯುವ ಅಲೆಂಡ್ರೊನೇಟ್ ಮಾತ್ರೆ ವಾರಕ್ಕೊಂದು, ಡಿ ಸ್ಯಾಶೆ, ಕ್ಯಾಲ್ಸಿಯಂ 500 ಬರೆದಿದ್ದಾರೆ. ಅಮ್ಮನಿಗೆ ಥೈರಾಯ್ಡ್ ಮಾತ್ರೆಯೂ ಉಂಟು, ಅದನ್ನ ಡಾಕ್ಟರಿಗೆ ಹೇಳಿದೆ, ಆದ್ರೆ ಎಲ್ಲವನ್ನೂ ಬೆಳಿಗ್ಗೆ ಚಹಾದ ಜೊತೆ ಒಟ್ಟಿಗೆ ನುಂಗ್ತೇನೆ ಅಂತ ಕೂತಿದ್ದಾರೆ ಇವರು. ಹಾಗೆ ಆಗ್ತದಾ?

ಸುರತ್ಕಲ್ ಸೊಸೆ

ಅಯ್ಯೋ ಬೇಡ ಬೇಡ, ಒಟ್ಟಿಗೆ ನುಂಗಿದ್ರೆ ಒಂದೂ ಸರಿ ಹಿಡಿಯುದಿಲ್ಲ. ಅಲೆಂಡ್ರೊನೇಟ್ ಇರುವ ದಿನ ಬೆಳಿಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಗೆ, ಒಂದು ದೊಡ್ಡ ಲೋಟ ಬರೀ ನೀರಲ್ಲಿ, ಚಹಾದಲ್ಲೂ ಅಲ್ಲ ಹಾಲಲ್ಲೂ ಅಲ್ಲ. ಕಮ್ಮಿ ಅಂದ್ರೆ ಅರ್ಧ ಗಂಟೆ ಮಲಗ್ಬಾರ್ದು, ಎಂತದೂ ತಿನ್ಬಾರ್ದು, ಮಾತ್ರೆ ಗಂಟಲಲ್ಲಿ ನಿಂತ್ರೆ ಅನ್ನನಾಳ ಸುಡ್ತದೆ. ಆ ದಿನ ಥೈರಾಯ್ಡ್ ಮಾತ್ರೆ ಯಾವಾಗ ಅಂತ ಡಾಕ್ಟರ್ ಹತ್ರವೇ ಒಮ್ಮೆ ಫೋನಲ್ಲಿ ಕೇಳಿ. ಕ್ಯಾಲ್ಸಿಯಂ ಮಾತ್ರ ಬೆಳಿಗ್ಗೆ ಬೇಡವೇ ಬೇಡ, ಥೈರಾಯ್ಡ್ ಮಾತ್ರೆಗೂ ಅದಕ್ಕೂ ನಾಲ್ಕು ಗಂಟೆ ಅಂತರ ಬೇಕು, ಮಧ್ಯಾಹ್ನದ ಊಟದ ಜೊತೆ ಕೊಡಿ. ಸ್ಟ್ರಿಪ್ ಮೇಲೆ ಕಾರ್ಬೊನೇಟ್ ಅಂತ ಇದ್ರೆ ಊಟದ ಜೊತೆಯೇ ಚೆನ್ನಾಗಿ ಹಿಡಿಯುದು. ಕಬ್ಬಿಣದ ಮಾತ್ರೆ ಇದ್ರೆ ಅದೂ ಬೇರೆ ಹೊತ್ತಿಗೆ. ಹಲ್ಲು ಕೀಳಿಸುವ ಕೆಲ್ಸ ಎಂತಾದ್ರೂ ಬಾಕಿ ಉಂಟಾ ಅಮ್ಮನಿಗೆ? ಇದ್ರೆ ಮಾತ್ರೆ ಶುರು ಮಾಡುವ ಮೊದಲೇ ಮುಗಿಸಿಬಿಡಿ.

ಕಾಪು ಕಡಲು

ಒಂದು ಹಲ್ಲು ಅಲ್ಲಾಡ್ತಾ ಉಂಟು ಅಕ್ಕ. ನಾಳೆಯೇ ಡೆಂಟಿಸ್ಟ್ ಹತ್ರ ಕರ್ಕೊಂಡು ಹೋಗ್ತೇನೆ.